ದಕ್ಷಿಣ ಆಫ್ರಿಕ: ಎಲ್ಲ ದುಡಿಮೆಗೂ ಒಂದೇ ಕನಿಷ್ಠ ಕೂಲಿ ಸರಿಯೇ?

ಪರ

ವೆಸ್ಟರ್ನ್ ಕೇಪ್ ಪ್ರಾಂತ್ಯದ ಡಿ ಡೋರ್ನ್ಸ್ ಸುತ್ತ ಬೆಳೆಯುವ ದ್ರಾಕ್ಷಿ ಯುರೋಪಿನ ಮಾರುಕಟ್ಟೆಗೆ ಹೋಗುತ್ತದೆ. 2012ರಲ್ಲಿ ಅದನ್ನು ಕೊಯ್ಯುವವರ ದಿನಗೂಲಿ 69 ರಾಂಡ್ ಇತ್ತು. ಯಾವನೋ ಜಿಪುಣ ಮಾಲೀಕ ಗೊತ್ತುಮಾಡಿದ ದರವಲ್ಲ ಅದು; ಕೃಷಿಗೆಂದು ಸರ್ಕಾರವೇ ಪ್ರತ್ಯೇಕವಾಗಿ ನಿಗದಿ ಮಾಡಿದ್ದು. ಕೆಲಸಗಾರರು 150 ಬೇಕೆಂದು ಹೆದ್ದಾರಿ ಅಡ್ಡಗಟ್ಟಿದರು. 2013ರ ಮಾರ್ಚ್‌ನಿಂದ 105 ಆಯಿತು.

ಉದ್ಯೋಗಕ್ಕೊಂದು ದರ ಇಟ್ಟರೆ ಸಂಘದ ಬಲ ಇಲ್ಲದವರ ದರವೇ ತಳ ಹಿಡಿಯುತ್ತದೆ. ತೋಟದವರು, ಮನೆಗೆಲಸದವರು ಒಬ್ಬೊಬ್ಬರೇ ಮಾಲೀಕರ ಅಂಗಳದಲ್ಲಿ ದುಡಿಯುವವರು, ಸಂಘ ಕಟ್ಟುವುದಾದರೂ ಎಲ್ಲಿ? ವರ್ಣಭೇದದ ಕಾಲದ ಮುಖ್ಯ ಕಾರ್ಮಿಕ ಕಾನೂನುಗಳು ಇವರಿಬ್ಬರನ್ನೂ ಹೊರಗೇ ಇಟ್ಟಿದ್ದವು. 2019ರ ಜನವರಿ 1ರಂದು ರಾಷ್ಟ್ರೀಯ ಕನಿಷ್ಠ ಕೂಲಿ ಬಂದಾಗಲೂ ಆ ಹಳೆಯ ತಾರತಮ್ಯ ಪೂರ್ತಿ ಅಳಿಯಲಿಲ್ಲ: ಎಲ್ಲರಿಗೂ ಗಂಟೆಗೆ 20 ರಾಂಡ್, ಆದರೆ ತೋಟದವರಿಗೆ 18, ಮನೆಗೆಲಸದವರಿಗೆ 15. ತೋಟದವರು 2021ರಲ್ಲಿ, ಮನೆಗೆಲಸದವರು 2022ರಲ್ಲಿ ಸಮಕ್ಕೆ ಬಂದರು.

2025ರ ಮಾರ್ಚ್‌ನಲ್ಲಿ ದರ ಗಂಟೆಗೆ 28.79 ರಾಂಡ್ ಆಯಿತು. ವಾರಕ್ಕೆ 45 ಗಂಟೆ ದುಡಿದರೆ ತಿಂಗಳಿಗೆ ಸುಮಾರು 5,600. ವರ್ಣಭೇದದ ಕಾಲದಲ್ಲಿ ಕರಿಯರಿಗೆಂದು ಊರಾಚೆ ಕಟ್ಟಿದ ಟೌನ್‌ಶಿಪ್‌ನಿಂದ ದಿನಾ ಮಿನಿಬಸ್ ಟ್ಯಾಕ್ಸಿ ಹತ್ತಿ ಬರುವವಳಿಗೆ ಇದು ಹೆಚ್ಚಾಯಿತು ಎನ್ನುವವರು ಅವಳ ಒಂದು ತಿಂಗಳ ಖರ್ಚು ಬರೆದು ನೋಡಲಿ.

ನಿಜಕ್ಕೂ ಕೊಡಲಾಗದ ಮಾಲೀಕನಿಗೆ ದಾರಿ ಮುಚ್ಚಿಲ್ಲ. ಲೆಕ್ಕ ತೋರಿಸಿದರೆ ಗರಿಷ್ಠ 12 ತಿಂಗಳು ವಿನಾಯಿತಿ ಸಿಗುತ್ತದೆ, ಆಗಲೂ ದರದ ಶೇ. 90ಕ್ಕಿಂತ ಕೆಳಗಿಳಿಯುವಂತಿಲ್ಲ. ಕಡಿಮೆ ಕೊಟ್ಟು ಸಿಕ್ಕಿಬಿದ್ದರೆ ಉಳಿಸಿಕೊಂಡ ಹಣದ ಎರಡರಷ್ಟು ಅಥವಾ ಎರಡು ತಿಂಗಳ ಕೂಲಿ, ಯಾವುದು ಹೆಚ್ಚೋ ಅದು ದಂಡ. ದೇಶಕ್ಕೆಲ್ಲ ಒಂದೇ ಅಂಕಿ ಇರುವುದರಿಂದ ಓದುಬರಹ ಬಾರದವರೂ ತಮಗೆ ಬರಬೇಕಾದ್ದನ್ನು ಬಾಯಿಲೆಕ್ಕದಲ್ಲೇ ಹೇಳಬಲ್ಲರು. ಕರ್ನಾಟಕದಲ್ಲಿ ಉದ್ಯೋಗವಾರು, ವಲಯವಾರು ಕೂಲಿಯ ಅಧಿಸೂಚನೆಗಳಲ್ಲಿ ತಮ್ಮ ದರ ಹುಡುಕಿ ಸುಸ್ತಾದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ವಿರೋಧ

ಕೆಲಸ ಇದ್ದವರ ಲೆಕ್ಕ ಅದು. ದಕ್ಷಿಣ ಆಫ್ರಿಕದಲ್ಲಿ ಕೆಲಸದಲ್ಲಿರುವವರೂ ಕೆಲಸ ಹುಡುಕುವವರೂ ಸೇರಿದರೆ ಸುಮಾರು ಮೂವರಿಗೊಬ್ಬರು ನಿರುದ್ಯೋಗಿಗಳು; 35 ದಾಟದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು. ಇವರಿಗೆ ಆ ದರ ಕೂಲಿಯಲ್ಲ, ಗೇಟಿನ ಎತ್ತರ.

ಕ್ವಾಜುಲು-ನಟಾಲ್‌ನ ನ್ಯೂಕ್ಯಾಸಲ್‌ನಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗಳಿವೆ. ಅವುಗಳ ದರವನ್ನು ಮಾಲೀಕರೂ ಸಂಘಗಳೂ ಕೂಡಿದ ಮಂಡಳಿ ಗೊತ್ತುಮಾಡುತ್ತದೆ, ಒಪ್ಪಂದಕ್ಕೆ ಸಹಿ ಹಾಕದವರಿಗೂ ಕಾನೂನು ಅದನ್ನು ಅನ್ವಯಿಸುತ್ತದೆ. 2010ರಲ್ಲಿ ಆ ದರ ಕೊಡದ ಕಾರ್ಖಾನೆಗಳನ್ನು ಮುಚ್ಚಿಸಲು ಹೋದಾಗ ಅಡ್ಡ ನಿಂತವರಲ್ಲಿ ಅಲ್ಲೇ ಹೊಲಿಯುವ ಹೆಂಗಸರೂ ಇದ್ದರು. ಕಡಿಮೆ ಕೂಲಿ ಅವರಿಗೆ ಇಷ್ಟವಾಗಿತ್ತು ಅಂತಲ್ಲ, ಆ ಊರಲ್ಲಿ ಬೇರೆ ಕೆಲಸವಿರಲಿಲ್ಲ. ಪಕ್ಕದ ಲೆಸೊಥೊದಲ್ಲಿ ಇನ್ನೂ ಕಡಿಮೆಗೆ ಹೊಲಿಸಬಹುದು. ಬಂಡವಾಳ ಗಡಿ ದಾಟುತ್ತದೆ, ಹೊಲಿಯುವವಳು ದಾಟಲಾರಳು. ಕೇಪ್‌ಟೌನಿಗೂ ನ್ಯೂಕ್ಯಾಸಲ್‌ಗೂ ಬಾಡಿಗೆ ಒಂದಲ್ಲ, ಗಿರಾಕಿ ಒಂದಲ್ಲ, ರಾಷ್ಟ್ರೀಯ ಕನಿಷ್ಠ ಕೂಲಿ ಮಾತ್ರ ಒಂದೇ ಎಂದರೆ ಹೇಗೆ?

ಇನ್ನು ಮನೆಗೆಲಸ. ಇಂಥವರು ದೇಶದಲ್ಲಿ 8–9 ಲಕ್ಷದಷ್ಟಿದ್ದಾರೆ. ಇಲ್ಲಿ ಕೂಲಿ ಕೊಡುವುದು ಕಂಪನಿಯಲ್ಲ, ತಾನೇ ಸಂಬಳಕ್ಕೆ ಕಾಯುವ ಒಂದು ಮನೆ. ಎರಡು ಗಂಟೆಗೆ ಕರೆಸಿದರೂ ನಾಲ್ಕು ಗಂಟೆಯ ಕೂಲಿ ಕೊಡಬೇಕೆಂಬ ನಿಯಮವೂ ಇದೆ. ದರ ಏರಿದಾಗ ಆ ಮನೆಯವರು ಅವಳನ್ನು ಬಿಡಿಸುವುದಿಲ್ಲ, ವಾರಕ್ಕೆ ಮೂರು ದಿನ ಬರುತ್ತಿದ್ದವಳಿಗೆ ಎರಡೇ ದಿನ ಸಾಕು ಎನ್ನುತ್ತಾರೆ. ಆ ಒಂದು ದಿನ ಯಾವ ವಜಾ ಪ್ರಕರಣದಲ್ಲೂ ದಾಖಲಾಗುವುದಿಲ್ಲ.

ಎಲ್ಲರಿಗೂ ಒಂದೇ ಎಂದ ಸರ್ಕಾರ ತನಗೆ ಮಾತ್ರ ಬೇರೆ ದರ ಇಟ್ಟುಕೊಂಡಿದೆ. 2019ರಲ್ಲಿ ಸಾರ್ವಜನಿಕ ಕಾಮಗಾರಿ ಯೋಜನೆಯ ಕೆಲಸಕ್ಕೆ ಗಂಟೆಗೆ 11 ರಾಂಡ್ ಗೊತ್ತುಮಾಡಿತು, ಆ ಕೆಲಸದ ದರ ಇನ್ನೂ ಉಳಿದವರ ಸಮಕ್ಕೆ ಬಂದಿಲ್ಲ. ಕೆಲಸ ಹೆಚ್ಚು ಜನಕ್ಕೆ ಹಂಚಬೇಕು ಎಂಬುದು ಸಮರ್ಥನೆ. ನ್ಯೂಕ್ಯಾಸಲ್‌ನವರ ವಾದವೂ ಅದೇ ತಾನೇ!

ಕೂಲಿ ಇಳಿಸದೆ ಕೆಲಸ ಉಳಿಸಬೇಕಾದರೆ ವ್ಯತ್ಯಾಸದ ಹಣವನ್ನು ಖಜಾನೆ ತುಂಬಬೇಕು. 2014ರಿಂದ ಯುವಕರನ್ನು ಸೇರಿಸಿಕೊಳ್ಳುವ ಮಾಲೀಕರಿಗೆ ತೆರಿಗೆಯಲ್ಲಿ ಕಡಿತ ಕೊಡುವ ವ್ಯವಸ್ಥೆಯೇನೋ ಇದೆ. ಮನೆಗೆಲಸಕ್ಕೆ ಅದು ಅನ್ವಯಿಸುವುದಿಲ್ಲ.