49 ಅಡಿ ಅಂತ ಒಂದೇ ಅಂಕಿ ಹೇಳಿದರೆ ಸಾಕಾ?

ನಾವಿರುವ ಅಮೆರಿಕದ ಉತ್ತರ ಡಕೋಟಾದಲ್ಲಿ ಮಾರ್ಚ್ ಬಂತೆಂದರೆ ಎಲ್ಲರದ್ದೂ ಒಂದೇ ಪ್ರಶ್ನೆ, ರೆಡ್ ರಿವರ್ ಈ ಸಲ ಎಷ್ಟು ಅಡಿ ಏರುತ್ತೆ? ಮಂಡ್ಯದವರು ಕೆಆರ್‌ಎಸ್ ಮಟ್ಟ ವಿಚಾರಿಸುವ ಹಾಗೆ. ಮಾತು ಶುರುವಾದರೆ ಈ ನದಿ ದಂಡೆಯ ಊರು ಗ್ರ್ಯಾಂಡ್ ಫೋರ್ಕ್ಸ್‌ನ 1997ರ ಪ್ರವಾಹದ ಕಥೆ ಬಂದೇ ಬರುತ್ತದೆ.

ಈ ನದಿ ಹರಿಯುವುದು ಉತ್ತರಕ್ಕೆ, ಕೆನಡಾ ಕಡೆಗೆ. ದಕ್ಷಿಣದಲ್ಲಿ ಹಿಮ ಮೊದಲು ಕರಗುತ್ತದೆ. ಆ ನೀರು ಬರುವಾಗ ಉತ್ತರದಲ್ಲಿ ನದಿ ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ಒಡೆದ ಮಂಜುಗಡ್ಡೆಯ ಚಪ್ಪಡಿಗಳು ತೇಲಿಬಂದು ಸೇತುವೆ ಕಂಬಗಳಿಗೆ, ತಿರುವುಗಳಿಗೆ ಸಿಕ್ಕಿಕೊಂಡು ಒಂದರ ಮೇಲೊಂದು ಏರಿ ಕೂರುತ್ತವೆ. ಹಿಂದಿನ ನೀರು ಮುಂದೆ ಹೋಗೋದು ಹೇಗೆ? ನೆಲವೂ ಒಂದೇ ಸಮ, ಹಿಮಯುಗದ ಅಗಾಸಿಜ್ ಸರೋವರದ ತಳ ಇದು. ದಂಡೆ ದಾಟಿದ ನೀರು ಮೈಲಿಗಟ್ಟಲೆ ಹರಡುತ್ತದೆ, ಬೇಗ ಇಳಿಯುವುದೂ ಇಲ್ಲ.

1996-97ರ ಚಳಿಗಾಲದಲ್ಲಿ ಎಂಟು ಹಿಮಬಿರುಗಾಳಿ ಬೀಸಿದವು. ಕೊನೆಯದು ಬಂದದ್ದು ಏಪ್ರಿಲ್ ಮೊದಲ ವಾರ. ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ನದಿ 49 ಅಡಿ ಮಟ್ಟಕ್ಕೆ ಏರಬಹುದು ಅಂತ ಹವಾಮಾನ ಇಲಾಖೆ ಫೆಬ್ರವರಿಯಲ್ಲೇ ಹೇಳಿತ್ತು. 1979ರಲ್ಲಿ 48.8 ಅಡಿ ಬಂದಾಗ ಊರು ತಡೆದುಕೊಂಡಿತ್ತು. ಹಾಗಾಗಿ 49 ಅಂದಾಗ ಜನಕ್ಕೆ ಧೈರ್ಯ. ಅದಕ್ಕಿಂತ ಸ್ವಲ್ಪ ಎತ್ತರಕ್ಕೆ ಒಡ್ಡು ಕಟ್ಟಿದರು. ಏಪ್ರಿಲ್ ಮಧ್ಯದಲ್ಲಿ ಅಂಕಿ ಏರತೊಡಗಿತು, ನೀರು ಕೊನೆಗೆ 54.35 ಅಡಿ ಮುಟ್ಟಿತು. ಊರಿಗೆ ಊರೇ ಖಾಲಿಯಾಯಿತು. ನೀರು ನಿಂತ ಪೇಟೆಯಲ್ಲೇ ಬೆಂಕಿ ಬಿದ್ದು 11 ಕಟ್ಟಡ ಸುಟ್ಟವು.

ಐದು ಅಡಿ ಅಂದರೆ ಸುಮ್ನೆ ಅಲ್ಲ. ಮರಳು ಚೀಲದ ಒಡ್ಡಿಗೆ ಎತ್ತರದ ಮೂರು ಪಟ್ಟು ಅಗಲದ ಬುಡ ಬೇಕು. ಚೀಲವನ್ನು ಪೂರ್ತಿ ತುಂಬಬಾರದು, ಅರ್ಧಕ್ಕಿಂತ ತುಸು ಜಾಸ್ತಿ ತುಂಬಿ, ಬಾಯಿ ಮಡಚಿ, ಸಂದಿ ಮೇಲೆ ಸಂದಿ ಬರದಂತೆ ಪೇರಿಸಿ, ತುಳಿದು ಕೂರಿಸಬೇಕು. ಬೆರಳು ಮರಗಟ್ಟುವ ಚಳಿಯಲ್ಲಿ ಇದನ್ನು ಮಾಡುವವರಿಗೆ ಒಂದೊಂದು ಅಡಿಯೂ ಭಾರ.

ಮುನ್ಸೂಚನೆ ಕೊಟ್ಟವರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಹಿಮದಲ್ಲಿ ಎಷ್ಟು ನೀರಿದೆ ಅಂತ ತಿಳಿಯಲು ವಿಮಾನವನ್ನು ಕೆಳಗೆ ಹಾರಿಸಿ, ಮಣ್ಣಿನಿಂದ ಬರುವ ಗಾಮಾ ಕಿರಣಗಳನ್ನು ಅಳೆಯುತ್ತಾರೆ. ಮೇಲೆ ನೀರು ಜಾಸ್ತಿ ಇದ್ದಷ್ಟೂ ಕಿರಣ ಕಡಿಮೆ. ಅಷ್ಟು ಶ್ರದ್ಧೆಯ ಕೆಲಸ. ಆದರೆ ಎಷ್ಟು ಬೇಗ ಕರಗುತ್ತೆ, ಮಧ್ಯೆ ಮಳೆ ಬರುತ್ತಾ, ಮಂಜುಗಡ್ಡೆ ಎಲ್ಲಿ ಕಟ್ಟಿಕೊಳ್ಳುತ್ತೆ ಅಂತ ಎರಡು ತಿಂಗಳು ಮೊದಲೇ ಯಾರು ತಾನೇ ಹೇಳಬಲ್ಲರು? ಈ ಅನುಮಾನ ಜನರ ಕಿವಿಗೆ ಬೀಳಲಿಲ್ಲ. ಬಿದ್ದದ್ದು 49 ಮಾತ್ರ. ಇಂಥದ್ದು ನಮಗೂ ಖಚಿತವಿಲ್ಲ ಅಂತ ಹೇಳಿದರೆ ಜನ ಗಾಬರಿಯಾಗುತ್ತಾರೆ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಒಡ್ಡು ಕಟ್ಟುವವರು ಅವರೇ, ಮನೆ ಕಳೆದುಕೊಳ್ಳುವವರೂ ಅವರೇ. ಅವರಿಗೆ ಹೇಳದೆ ಇನ್ಯಾರಿಗೆ ಹೇಳುವುದು?

ಈಗಿನ ವಸಂತದ ಮುನ್ಸೂಚನೆಯಲ್ಲಿ ಇಷ್ಟು ಅಡಿ ದಾಟುವ ಸಾಧ್ಯತೆ ಶೇ. 50, ಇಷ್ಟು ದಾಟುವುದು ಶೇ. 10 ಅಂತ ಬಿಡಿಸಿ ಕೊಡುತ್ತಾರೆ. ಇದು ದೊಡ್ಡ ಸುಧಾರಣೆ. ಆದರೆ ಈಗಲೂ ಎಷ್ಟೋ ಜನ ನೋಡುವುದು ನಡುವಿನ, ಅಂದರೆ ಶೇ. 50ರ ಅಂಕಿಯನ್ನೇ.

ಈ ಕಣಿವೆಯಲ್ಲಿ ಮನೆ ಕೊಂಡಿರುವ ನಮ್ಮವರಲ್ಲಿ ನನ್ನ ವಿನಂತಿ, ಶೇ. 10ರ ಸಾಲನ್ನೂ ಓದಿ. ಆ ಮಟ್ಟದ ನೀರು ನಿಮ್ಮ ನೆಲಮಾಳಿಗೆಗೆ ಬರುತ್ತಾ ಅಂತ ನಗರಪಾಲಿಕೆಯ ನಕ್ಷೆಯಲ್ಲಿ ನೋಡಿ. ಸರ್ಕಾರದ ಪ್ರವಾಹ ವಿಮೆ ಸಾಮಾನ್ಯವಾಗಿ ಜಾರಿಗೆ ಬರುವುದೇ 30 ದಿನ ಕಳೆದ ಮೇಲೆ. ಹಿಮ ಕರಗಲು ಶುರುವಾದ ಮೇಲೆ ಫೋನ್ ಮಾಡಿದರೆ ಕಾಲ ಮಿಂಚಿರುತ್ತದೆ, ಫೆಬ್ರವರಿಯಲ್ಲೇ ಮಾಡಿ.