ತುಕ್ಕಿಗೂ ಒಂದು ಲೈಸೆನ್ಸ್ ಕೊಡಿ ಸ್ವಾಮಿ

ನಮ್ಮ ದೇಶದಲ್ಲಿ ಶಿಕಾರಿ ರೈಫಲ್ಲು ಪೂರ್ತಿ ಸಭ್ಯವಾಗಿರಬೇಕಾದರೆ ಅದರ ನಳಿಗೆ ಹಾಳಾಗಿರಬೇಕು. ಯಾಕೆ ಅಂತೀರಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಬಾಗಿಲು ಎಳೆದುಕೊಂಡಿತು. ಉಳಿದಿದ್ದ ಸಂದಿಯನ್ನು 1991ರ ತಿದ್ದುಪಡಿ ಮುಚ್ಚಿತು. ಒಳ್ಳೆಯದೇ ಆಯಿತು, ಅದಕ್ಕೆ ತಕರಾರಿಲ್ಲ. ಆದರೆ ಶಿಕಾರಿ ಹೋದರೂ ಶಿಕಾರಿ ಕೋವಿ ಹೋಗಲಿಲ್ಲ. ಅಜ್ಜನ ಕೋವಿಗೆ ಮೊಮ್ಮಗ ತನ್ನ ಹೆಸರಲ್ಲಿ ಲೈಸೆನ್ಸ್ ಮಾಡಿಸಿಕೊಂಡ. ಬೆಳೆ ರಕ್ಷಣೆ ಅಂತ ಬರೆಸಿದ. ಕೋವಿ ಮಲೆನಾಡಿನ ಮನೆಯ ಮೂಲೆಯಲ್ಲೇ ಉಳಿಯಿತು.

ಈಗ ಗದ್ದೆಗೆ ಹಂದಿ ಬಂತು ಅಂತಿಟ್ಟುಕೊಳ್ಳಿ. ಲೈಸೆನ್ಸ್ ಇದೆ, ಕೋವಿ ಇದೆ, ತೋಟಾ ಇದೆ. ಹೊಡೆಯುವಂತಿಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯ 11ನೇ ಕಲಂ ಪ್ರಕಾರ ಅಧಿಕಾರಿಯ ಆದೇಶ ಬೇಕು, ಅದೂ ಲಿಖಿತವಾಗಿ, ಕಾರಣ ಸಹಿತ. ಆದೇಶ ಟೈಪಾಗುವವರೆಗೆ ಹಂದಿ ಗದ್ದೆಯಲ್ಲಿ ಸುಮ್ನೆ ನಿಂತಿರುವುದಿಲ್ಲ, ಅಲ್ವಾ? ಹಾಗಾಗಿ ಕೋವಿಗೆ ಉಳಿದ ಕೆಲಸ ಆಕಾಶಕ್ಕೊಂದು ಢಂ ಅನ್ನಿಸುವುದು. ಆಕಾಶಕ್ಕೆ ಗುರಿ ತಪ್ಪುವುದಿಲ್ಲ. ನಳಿಗೆ ಎಷ್ಟು ಹಾಳಾಗಿದ್ದರೂ ನಡೆಯುತ್ತದೆ.

ಗೋಳು ಶುರುವಾಗುವುದು ಯಾರಾದರೂ ಪುಣ್ಯಾತ್ಮ ಅದನ್ನು ರಿಪೇರಿ ಮಾಡಿಸಲು ಹೊರಟಾಗ.

ನಳಿಗೆ ಹಾಳಾಗುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಹಳೆ ಕಾಲದ ತೋಟಾಗಳ ಕೇಪಿನಲ್ಲಿ, ಅಂದರೆ ಮದ್ದಿಗೆ ಕಿಡಿ ಹಚ್ಚುವ ತಳದ ಬಿಲ್ಲೆಯಲ್ಲಿ, ಉಪ್ಪು ಬಿಡುವ ರಾಸಾಯನಿಕ ಇರುತ್ತಿತ್ತು. ಈಡು ಹೊಡೆದ ಮೇಲೆ ತೊಳೆಯದೆ ಇಟ್ಟರೆ ಆ ಉಪ್ಪು ಗಾಳಿಯ ತೇವ ಎಳೆದು ಉಕ್ಕನ್ನು ತಿನ್ನುತ್ತದೆ. ತೊಳೆಯುವವರು ಕಡ್ಡಿಯನ್ನು ನಳಿಗೆಯ ಬಾಯಿಂದಲೇ ತುರುಕಿ ತುರುಕಿ ಆ ಬಾಯಿ ಸವೆಸುತ್ತಾರೆ. ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿದ್ದನ್ನು ನೋಡದೆ ಹೊಡೆದರೆ ನಳಿಗೆ ಅಲ್ಲೇ ಉಬ್ಬುತ್ತದೆ. ಕೆಲವೊಮ್ಮೆ ಸೀಳುತ್ತದೆ. ಅಂಥ ಒಂದು ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಗುಂಡನ್ನು ತಿರುಗಿಸಿ ಕಳಿಸಬೇಕಾದ ಸುರುಳಿ ಗೀರುಗಳ ಜಾಗದಲ್ಲಿ ಸಿಡುಬು ಎದ್ದು ಹೋದ ಮುಖದ ಹಾಗೆ ಗುಳಿಗಳು.

ಇನ್ನು ತುಕ್ಕಿಗೆ ಸರ್ಕಾರಿ ವ್ಯವಸ್ಥೆಯೇ ಇದೆ. ಅದರ ಹೆಸರು ಚುನಾವಣೆ. ಎಲ್ಲರ ಕೋವಿಯನ್ನೂ ಜಮಾ ಮಾಡಿಸಿ ಅಂತ ಆಯೋಗ ಹೇಳುವುದಿಲ್ಲ. ಯಾರದ್ದು ಬೇಕು, ಯಾರದ್ದು ಬೇಡ ಅಂತ ಪರಿಶೀಲನಾ ಸಮಿತಿ ನೋಡಬೇಕು ಅನ್ನುತ್ತದೆ. ಆದರೆ ನೋಡುವುದು ಕಷ್ಟ, "ಎಲ್ಲರೂ ತಂದಿಡಿ" ಅನ್ನುವುದು ಸುಲಭ. 2024ರ ಲೋಕಸಭೆ ಚುನಾವಣೆಯನ್ನೇ ತೆಗೆದುಕೊಳ್ಳಿ. ನೀತಿ ಸಂಹಿತೆ ಬಂದದ್ದು ಮಾರ್ಚ್ 16ಕ್ಕೆ, ಮತ ಎಣಿಕೆ ಜೂನ್ 4ಕ್ಕೆ. ಠಾಣೆಯ ಮೂಲೆಯಲ್ಲಿ ಒಂದರ ಮೇಲೊಂದು ಒರಗಿಸಿದ ಕೋವಿಗಳಿಗೆ ಎಣ್ಣೆ ಹಚ್ಚುವ ಹುದ್ದೆ ಯಾವ ಇಲಾಖೆಯಲ್ಲೂ ಮಂಜೂರಾಗಿಲ್ಲ. ಅಷ್ಟರಲ್ಲಿ ಮಲೆನಾಡಿಗೆ ಮಳೆ ಇಳಿದಿರುತ್ತದೆ. ಪ್ರಜಾಪ್ರಭುತ್ವ ಗೆದ್ದಿರುತ್ತದೆ, ನಳಿಗೆ ಸೋತಿರುತ್ತದೆ.

ತುಕ್ಕು ತಿನ್ನುವುದು ಬರೀ ಉಕ್ಕನ್ನಾದರೆ ಪರವಾಗಿಲ್ಲ, ಅದು ನಂಬರನ್ನೂ ತಿನ್ನುತ್ತದೆ. ಹಳೆ ಕೋವಿಗಳಲ್ಲಿ ನಂಬರು ಕೆಲವದಕ್ಕೆ ನಳಿಗೆ ಮೇಲೆ, ಕೆಲವದಕ್ಕೆ ನಳಿಗೆ ಕೂರುವ ಚೌಕಟ್ಟಿನ ಮೇಲೆ, ಕೆಲವದಕ್ಕೆ ಎರಡೂ ಕಡೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಓದಿದ್ದೀರಾ? ನಿಮ್ಮ ಹತ್ತಿರ ಇರುವ ಕೋವಿಯ ನಂಬರು ಅಳಿಸಿದ್ದರೆ, ಅಳಿಸಿದವರು ನೀವೇ ಅಂತ ಕಾಯ್ದೆ ಅಂದುಕೊಳ್ಳುತ್ತದೆ. ಅಲ್ಲ ಅಂತ ಸಾಬೀತು ಮಾಡುವ ಹೊಣೆ ನಿಮ್ಮದು. ಸಾಕ್ಷಿಗೆ ಯಾರನ್ನು ಕರೆಯೋಣ? ಆಷಾಢದ ಮಳೆಗೆ ಸಮನ್ಸ್ ಕಳಿಸೋಣವೇ?

ಸರಿ, ರಿಪೇರಿ. ಬಾಯಿ ಮಾತ್ರ ಕೆಟ್ಟಿದ್ದರೆ ಅಗ್ಗದ ಉಪಾಯವೊಂದಿದೆ. ಗುಂಡು ಹೊರಗೆ ಹಾರುವ ಕ್ಷಣದಲ್ಲಿ ಬಾಯಿಯ ಅಂಚು ಒಂದು ಕಡೆ ಸವೆದಿದ್ದರೆ ಹಿಂದಿನ ಬಿಸಿ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಕೆಟ್ಟ ತುದಿಯನ್ನು ಅರ್ಧ ಇಂಚು ಕತ್ತರಿಸಿ ಅಂಚನ್ನು ಹೊಸದಾಗಿ ಕೊರೆದರೆ ಆಯಿತು. ಎಲ್ಲ ದೇಶದ ಮಿಸ್ತ್ರಿಗಳೂ ಮಾಡುವ ಕೆಲಸ. ಆದರೆ ನಮ್ಮ ಕಾಯ್ದೆಯ 6ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಅಪರಾಧ. ಕಾಯ್ದೆ ಬರೆದವರು ಪೆದ್ದರೇನಲ್ಲ. ಉದ್ದ ಕೋವಿಯನ್ನು ಕತ್ತರಿಸಿ ಶರಟಿನೊಳಗೆ ಬಚ್ಚಿಟ್ಟುಕೊಂಡು ಓಡಾಡುವವರನ್ನು ಕಂಡೇ ಬರೆದದ್ದು. ಆದರೆ ನಾಲ್ಕಡಿ ಹತ್ತಿರದ ರೈಫಲ್ಲಿನಿಂದ ಅರ್ಧ ಇಂಚು ತೆಗೆದರೆ ಅದನ್ನು ಯಾವ ಶರಟಿನೊಳಗೆ ತುರುಕುತ್ತೀರಿ?

ಹಾಗಾದರೆ ಹೊಸ ನಳಿಗೆಯೇ ಹಾಕಿಸೋಣ. ಇಲ್ಲಿ ಕಾಯ್ದೆ ಇನ್ನೊಂದು ಚಮತ್ಕಾರ ತೋರಿಸುತ್ತದೆ. ಅದರ 2ನೇ ಕಲಮಿನಲ್ಲಿ ಕೋವಿ ಅಂದರೆ ಏನೇನು ಅಂತ ಬರೆದಿದೆ. ಕೋವಿಯ ಬಿಡಿಭಾಗವೂ ಕೋವಿಯೇ! ಅಂದರೆ ಅಂಗಡಿಯಲ್ಲಿ ಕೂತಿರುವ ಹೊಸ ನಳಿಗೆ ಒಂದು ಕೋವಿ. ನೀವು ಬಿಚ್ಚಿಸಿದ ಹಳೆ ನಳಿಗೆ ಇನ್ನೊಂದು ಕೋವಿ. ನಳಿಗೆ ಕಳೆದುಕೊಂಡು ಬೆತ್ತಲೆ ಕೂತ ಮರದ ಹಿಡಿ ಮತ್ತು ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟು ಮೂರನೆಯದು. 2019ರ ತಿದ್ದುಪಡಿ ಒಬ್ಬರ ಹತ್ತಿರ ಇರಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಅಕ್ಷರ ಹಿಡಿದು ಎಣಿಸಿದರೆ ನಳಿಗೆ ಬದಲಿಸುವ ಮಧ್ಯಾಹ್ನ, ಮಿಸ್ತ್ರಿ ಚಹಾ ಕುಡಿಯಲು ಎದ್ದು ಹೋದ ಹೊತ್ತಿನಲ್ಲಿ, ನೀವು ಮಿತಿ ಮೀರಿದ ಶಸ್ತ್ರಧಾರಿ.

ಆ ಮಿಸ್ತ್ರಿಯೂ ರಿಪೇರಿ ಲೈಸೆನ್ಸ್ ಇರುವವನೇ ಆಗಬೇಕು. ಅಂಥವರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದ್ದಾರೆ, ಆ ಕತೆ ಬಿಡಿ.

ನಳಿಗೆಯಾದರೂ ಎಲ್ಲಿ ಸಿಗುತ್ತದೆ? ನಮ್ಮಲ್ಲಿ ಜಾಸ್ತಿ ಕಾಣುವ ಶಿಕಾರಿ ರೈಫಲ್ಲು .315, ಅಂದರೆ ನಳಿಗೆಯ ಒಳ ಅಗಲ ಇಂಚಿನ ಲೆಕ್ಕದಲ್ಲಿ, ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯದ್ದು. ಈ ಅಳತೆ ಹುಟ್ಟಿದ ಕತೆಯೇ ಮಜಾ. ಆಗ ಸೈನಿಕರು ಬಳಸುತ್ತಿದ್ದ .303 ತೋಟಾ ಜನರ ಕೋವಿಗೂ ಹೊಂದಿದರೆ ಸೇನೆಯ ಗೋದಾಮಿನಿಂದ ಕದ್ದು ತಂದಾರು ಅಂತ ಬ್ರಿಟಿಷರಿಗೆ ಹೆದರಿಕೆ. ಅದಕ್ಕೇ ಜನರಿಗೆ ಬೇರೆ ಅಳತೆ. ಬ್ರಿಟಿಷರು ಹೋದರು, ಹೆದರಿಕೆಯನ್ನು ಇಲ್ಲೇ ಬಿಟ್ಟು ಹೋದರು. ಇವತ್ತಿಗೂ ಸಾಮಾನ್ಯ ಜನ .303 ಇಟ್ಟುಕೊಳ್ಳುವಂತಿಲ್ಲ, ಇವತ್ತಿಗೂ .315 ನಮ್ಮದು. ಹೊರದೇಶದಲ್ಲಿ ಇದನ್ನು ಕೇಳುವವರು ಕಡಿಮೆ. ಹಾಗಾಗಿ ನಳಿಗೆಗೆ ಹುಡುಕಾಟ ಜಾಸ್ತಿ.

ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಜೋಡಿಸುವಾಗ ತೋಟಾ ಕೂರುವ ಜಾಗದ ಅಳತೆ ಸರಿಯಾಗಿರಬೇಕು. ಮಿತಿ ಮೀರಿ ಹೆಚ್ಚಾದರೆ ತೋಟಾ ಒಡೆದು ಬಿಸಿ ಗಾಳಿ ಹೊಡೆಯುವವನ ಮುಖಕ್ಕೇ ಬರಬಹುದು. ಪರೀಕ್ಷೆಗೆ ಉಕ್ಕಿನ ಎರಡು ಅಳತೆ ತುಂಡುಗಳಿರುತ್ತವೆ. ಒಂದನ್ನು ಹಾಕಿದರೆ ಬೋಲ್ಟು ಮುಚ್ಚಬೇಕು, ಇನ್ನೊಂದನ್ನು ಹಾಕಿದರೆ ಮುಚ್ಚಬಾರದು. ಇಡೀ ವ್ಯವಹಾರದಲ್ಲಿ ನಿಮಗೆ ನೇರ ಉತ್ತರ ಸಿಗುವುದು ಇಲ್ಲೊಂದೇ ಕಡೆ. "ಮೇಲಿನವರನ್ನು ಕೇಳಿ ಹೇಳ್ತೀವಿ" ಅನ್ನುವ ಮೂರನೇ ತುಂಡನ್ನು ಯಾರೂ ಇನ್ನೂ ತಯಾರಿಸಿಲ್ಲ.

ಹೊಸ ನಳಿಗೆ ಕೂತಿತು. ಗುಂಡು ನೇರ ಹೋಯಿತು. ಈಗ ಹಳೆ ನಳಿಗೆ ಏನು ಮಾಡುವುದು? ಗುಜರಿಗೆ ಹಾಕುವಂತಿಲ್ಲ, ಕಾಯ್ದೆ ಪ್ರಕಾರ ಅದು ಶಸ್ತ್ರ. ದನದ ಕೊಟ್ಟಿಗೆಗೆ ಅಗಳಿ ಮಾಡುವಂತಿಲ್ಲ. ಕೋವಿ ಯಜಮಾನ ಕಾನೂನಿಗೆ ಹೆದರುವ ಮನುಷ್ಯ ಅಂತಾದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಠಾಣೆಗೆ ಹೋಗುತ್ತಾನೆ. ಅಲ್ಲಿ ರೈಟರು ಕೂತಿರುತ್ತಾರೆ. ಮಾತು ಹೀಗೆ ನಡೆದೀತು:

"ಏನ್ರೀ ಇದು?"

"ಕೋವಿ ಸಾರ್."

"ಪೈಪಲ್ವೇನ್ರೀ?"

"ಕಾಯ್ದೆ ಪ್ರಕಾರ ಕೋವಿ ಸಾರ್. ಜಮಾ ಮಾಡ್ಕೊಂಡು ಒಂದು ರಸೀದಿ ಕೊಡಿ."

"ಒತ್ತೋ ಕುದುರೆ ಎಲ್ಲಿ? ಹಿಡಿ ಎಲ್ಲಿ?"

"ಮನೇಲಿದೆ ಸಾರ್. ಹೊಸ ನಳಿಗೆ ಹಾಕ್ಸಿದೀನಿ."

"ಅಂದ್ರೆ ನಿಮ್ಮ ಹತ್ರ ಎರಡು ಕೋವಿ ಇದೆ."

"ಅಯ್ಯೋ ಇಲ್ಲ ಸಾರ್, ಒಂದೇ. ಲೈಸೆನ್ಸ್ ಪುಸ್ತಕ ನೋಡಿ."

ರೈಟರು ಪುಸ್ತಕ ತೆಗೆದು ನಂಬರು ಓದುತ್ತಾರೆ. ಗೋಣಿ ಸರಿಸಿ, ಹೆಬ್ಬೆರಳಿನಿಂದ ತುಕ್ಕು ಉಜ್ಜಿ, ನಳಿಗೆ ಮೇಲಿನ ನಂಬರು ಒಂದೊಂದೇ ಅಂಕಿ ಹೊಂದಿಸಿ ನೋಡುತ್ತಾರೆ.

"ಸರಿ ಇದೆ. ಇದೇ ಕೋವಿ."

"ಅದನ್ನೇ ಹೇಳಿದ್ದು ಸಾರ್."

"ಹಾಗಾದ್ರೆ ಮನೇಲಿರೋದು ಯಾವುದ್ರೀ?"