ಯಾರ ಪೈಕಿ ನೀನು, ಎಲೈ ಗೇಮೇ?

ಗೇಮಿಂಗ್ ಪತ್ರಿಕೆಗಳನ್ನು ನಂಬುವುದಾದರೆ ಇಎ ಕಂಪನಿಯ ಫಿಫಾ ಫುಟ್‌ಬಾಲ್ ಗೇಮನ್ನು ಕೊಲ್ಲಲು ವರ್ಷಕ್ಕೆ ಒಬ್ಬನಾದರೂ ಕತ್ತಿ ಮಸೆದುಕೊಂಡು ಹೊರಡುತ್ತಾನೆ. 'ಬಂತು ನೋಡಿ ಫಿಫಾ ಕಿಲ್ಲರ್' ಅನ್ನೋ ಶೀರ್ಷಿಕೆ ಯಾವಾಗಲೂ ಸಿದ್ಧ. ಹೊಸ ಗೇಮಿನ ಹೆಸರು ತುಂಬಿದರೆ ಕೆಲಸ ಮುಗೀತು.

2021ರ ಆಗಸ್ಟಿನಲ್ಲಿ ಯುಎಫ್‌ಎಲ್ ಅನ್ನೋ ಫುಟ್‌ಬಾಲ್ ಗೇಮಿನ ಘೋಷಣೆ ಆಯ್ತು. ಹೊರಗಿನವರು ಯಾರೂ ಆಡಿ ನೋಡಿರಲಿಲ್ಲ, ಇದ್ದದ್ದು ಟ್ರೇಲರ್ ಅಷ್ಟೇ. ಆದರೂ ಕೊಲೆಗಾರನ ಪಟ್ಟ ಕಟ್ಟಿಬಿಟ್ಟರು. ಕನ್ಸೋಲ್‌ಗಳಿಗೆ ಆ ಗೇಮ್ ಬಂದಿದ್ದು 2024ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಇಎ ಕಂಪನಿಗೂ ಫಿಫಾ ಸಂಸ್ಥೆಗೂ ಸಂಬಂಧ ಮುರಿದುಬಿದ್ದು, 2023ರಲ್ಲೇ ಫಿಫಾ ಗೇಮ್ 'ಇಎ ಸ್ಪೋರ್ಟ್ಸ್ ಎಫ್‌ಸಿ' ಅಂತ ಹೆಸರು ಬದಲಿಸಿಕೊಂಡಿತ್ತು. ಕೊಲೆಗಾರ ಬಾಗಿಲು ತಟ್ಟಿದಾಗ ಆ ಹೆಸರಿನವರು ಮನೆಯಲ್ಲೇ ಇರಲಿಲ್ಲ. ಶೀರ್ಷಿಕೆ ಮಾತ್ರ ಹಾಗೇ ಉಳೀತು. ಸುಮ್ನೆ ಯಾಕೆ ಕೆಡಿಸೋದು, ಚೆನ್ನಾಗಿ ಓಡುತ್ತಿದೆಯಲ್ಲ.

ನಮ್ಮ ಕಡೆ ಮದುವೆ ಮನೆಯಲ್ಲಿ ಹೊಸ ಹುಡುಗ ಕಂಡರೆ ಅಜ್ಜಿಯರು ಅವನ ಹೆಸರು ಕೇಳುವುದಿಲ್ಲ. 'ಯಾರ ಪೈಕಿಯಪ್ಪಾ ನೀನು?' ಅಂತಲೇ ಶುರು. ಇಂಡಿ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ತಂಡಗಳು ಮಾಡೋ ಕ್ರೀಡಾ ಗೇಮುಗಳ ವಿಮರ್ಶಕರು ಈ ಅಜ್ಜಿಯರಿಗೂ ಟ್ಯೂಷನ್ ಕೊಡಬಲ್ಲರು. ಗಾಲ್ಫ್ ಸ್ಟೋರಿಯಾ? ಗೇಮ್‌ಬಾಯ್ ಕಾಲದ ಮಾರಿಯೋ ಗಾಲ್ಫ್ ಪೈಕಿ. ರೆಟ್ರೋ ಬೌಲಾ? ಟೆಕ್ಮೋ ಬೌಲಿನ ಮೊಮ್ಮಗ. ಸ್ಕೇಟರ್ ಎಕ್ಸ್‌ಎಲ್, ಸೆಷನ್? ಎರಡೂ ಇಎಯವರ ಸ್ಕೇಟ್ ಮನೆತನ. ಬ್ಯಾಸ್ಕೆಟ್‌ಬಾಲ್ ಗೇಮಿನಲ್ಲಿ ಯಾರಾದರೂ ಒಂದು ಮೊಳ ಜಾಸ್ತಿ ನೆಗೆದರೆ ಸಾಕು, ಎನ್‌ಬಿಎ ಜ್ಯಾಮ್ ಗೋತ್ರ ಅಂತ ಬರೆದಾಯ್ತು. ಹುಡುಗ ಏನು ಓದಿದ್ದಾನೆ, ಏನು ಕೆಲಸ ಮಾಡ್ತಾನೆ ಅಂತ ಕೇಳೋದಕ್ಕೆ ಪುಟದಲ್ಲಿ ಜಾಗ ಉಳಿಯುವುದಿಲ್ಲ.

ದೊಡ್ಡ ಮನೆಯ ಗೇಮುಗಳಿಗೆ ಈ ವಿಚಾರಣೆ ಇಲ್ಲ. ಅವುಗಳನ್ನು ಅವುಗಳ ಹೋದ ವರ್ಷದ ಜೊತೆ ಮಾತ್ರ ಹೋಲಿಸಬೇಕು. 25 ಹೋಗಿ 26 ಬಂತು, ಹುಲ್ಲು ಇನ್ನೂ ಹಸಿರಾಗಿದೆ, ಗೋಲ್‌ಕೀಪರ್ ಈ ಸಲ ಸ್ವಲ್ಪ ಬೇಗ ಹಾರುತ್ತಾನೆ. ಹತ್ತಕ್ಕೆ ಎಂಟು ಅಂಕಕ್ಕೆ ಮೋಸವಿಲ್ಲ.

ವಂಶಾವಳಿ ಬರೆಯೋ ಈ ಚಟ ರಾಕೆಟ್ ಲೀಗ್ ವಿಷಯದಲ್ಲಿ ಎಲ್ಲಿಗೆ ಮುಟ್ಟಿದೆ ನೋಡಿ. ಸೈಯೋನಿಕ್ಸ್ ಅನ್ನೋ ಅಮೆರಿಕದ ಚಿಕ್ಕ ಸ್ಟುಡಿಯೋ 2008ರಲ್ಲೇ ಕಾರಲ್ಲಿ ಫುಟ್‌ಬಾಲ್ ಆಡೋ ಗೇಮ್ ಬಿಟ್ಟಿತ್ತು. ಅದರ ಹೆಸರು 'ಸೂಪರ್‌ಸಾನಿಕ್ ಅಕ್ರೋಬ್ಯಾಟಿಕ್ ರಾಕೆಟ್-ಪವರ್ಡ್ ಬ್ಯಾಟಲ್-ಕಾರ್ಸ್'. ಹೆಸರು ಓದಿ ಮುಗಿಸುವಷ್ಟರಲ್ಲಿ ಒಂದು ಗೋಲ್ ಹೊಡೆಯಬಹುದು. ಪತ್ರಿಕೆಗಳು ಅಷ್ಟಾಗಿ ಕಣ್ಣೆತ್ತಿ ನೋಡಲಿಲ್ಲ. ಸ್ಟುಡಿಯೋದವರು ಬೇರೆ ಕಂಪನಿಗಳ ಗೇಮುಗಳಿಗೆ ಗುತ್ತಿಗೆ ಕೆಲಸ ಮಾಡಿಕೊಂಡು ಹೊಟ್ಟೆ ಹೊರೆದರು. 2015ರ ಜುಲೈಯಲ್ಲಿ ಅದೇ ಆಟವನ್ನು ತಿದ್ದಿ ತೀಡಿ, ರಾಕೆಟ್ ಲೀಗ್ ಅಂತ ಚಿಕ್ಕ ಹೆಸರಿಟ್ಟು, ಪ್ಲೇಸ್ಟೇಷನ್ ಪ್ಲಸ್ ಚಂದಾದಾರರಿಗೆ ಮೊದಲ ತಿಂಗಳು ಪುಕ್ಕಟೆ ಬಿಟ್ಟರು. ಜನ ಮುಗಿಬಿದ್ದರು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಇಂಡಿ ಗೇಮೂ ಅದೇ, ಅತ್ಯುತ್ತಮ ಕ್ರೀಡೆ-ರೇಸಿಂಗ್ ಗೇಮೂ ಅದೇ.

ಆಗ ಪತ್ರಿಕೆಗಳು ಅದನ್ನು ಪರಿಚಯ ಮಾಡಿಸಿದ್ದು 'ಕಾರಿರುವ ಫುಟ್‌ಬಾಲ್' ಅಂತ. ಸರಿ, ಒಪ್ಪೋಣ. 2025ರ ಜೂನಿನಲ್ಲಿ ಪ್ಯಾರಿಸ್‌ನ ಸ್ಲೋಕ್ಲಾಪ್ ಸ್ಟುಡಿಯೋ ರೀಮ್ಯಾಚ್ ಅನ್ನೋ ಗೇಮ್ ತಂತು. ಐವರ ತಂಡ, ನೀವು ಒಬ್ಬನೇ ಆಟಗಾರ, ಆಫ್‌ಸೈಡ್ ಇಲ್ಲ, ಫೌಲ್ ಇಲ್ಲ, ಗೋಡೆಗೆ ಹೊಡೆದ ಚೆಂಡು ವಾಪಸ್ ಬರುತ್ತದೆ. ಪತ್ರಿಕೆಗಳು ಎದ್ದು ನಿಂತು ಹೇಳಿದ್ದೇನು? 'ಇದು ಕಾರಿಲ್ಲದ ರಾಕೆಟ್ ಲೀಗ್!'

ಫುಟ್‌ಬಾಲ್‌ಗೆ ಕಾರು ಕೂಡಿಸಿದರು. ಆಮೇಲೆ ಅದರಿಂದ ಕಾರು ಕಳೆದರು. ಉಳಿದದ್ದು ಫುಟ್‌ಬಾಲ್ ಅಲ್ವಾ ಸ್ವಾಮಿ? ನಾಲ್ಕನೇ ಕ್ಲಾಸಿನ ಈ ಲೆಕ್ಕಕ್ಕೆ ಉದ್ದುದ್ದ ವಿಶ್ಲೇಷಣೆಗಳು ಬಂದವು.

ಕೆನಡಾದ ಮೆಟಲ್‌ಹೆಡ್ ಅನ್ನೋ ಸಣ್ಣ ಸ್ಟುಡಿಯೋದ ಸೂಪರ್ ಮೆಗಾ ಬೇಸ್‌ಬಾಲ್ ಕಥೆ ಇನ್ನೊಂದು ಥರ. ದಪ್ಪ ತಲೆ, ಗಿಡ್ಡ ಕಾಲು, ಊರಗಲದ ಮೀಸೆ. ಒಬ್ಬ ಆಟಗಾರನ ಹೆಸರೇ ಹ್ಯಾಮರ್ ಲಾಂಗ್‌ಬಾಲೋ. ನೋಡಿದರೆ ಮಕ್ಕಳ ಕಾರ್ಟೂನ್. ಆಡಿದರೆ ಗೊತ್ತಾಗುತ್ತದೆ ಪಾಡು. ಕಷ್ಟ ಎಷ್ಟಿರಬೇಕು ಅಂತ ಆರಿಸಲು ಅದರಲ್ಲಿ 'ಈಗೋ' ಅನ್ನೋ ಅಳತೆಪಟ್ಟಿ ಇದೆ, ಸೊನ್ನೆಯಿಂದ 99ರವರೆಗೆ. ನಿಮ್ಮ ಅಹಂಕಾರ ಎಷ್ಟೋ ಅಷ್ಟಕ್ಕೆ ಇಟ್ಟುಕೊಳ್ಳಿ, ಚೆಂಡೆಸೆಯೋ ಪಿಚರ್ ಇಳಿಸಿಕೊಡುತ್ತಾನೆ. ಮೊದಲನೇದು ಬಂದಿದ್ದು 2014ರಲ್ಲಿ. ವಿಮರ್ಶಕರು 'ನೋಟಕ್ಕೆ ಮೋಸ ಹೋಗಬೇಡಿ, ಒಳಗೆ ಗಟ್ಟಿ ಬೇಸ್‌ಬಾಲ್ ಇದೆ' ಅಂತ ಬೆರಗಾಗಿ ಬರೆದರು. 2018ರಲ್ಲಿ ಎರಡನೇದು ಬಂತು. ಮತ್ತೆ ಅದೇ ಬೆರಗು. 2020ರಲ್ಲಿ ಮೂರನೇದು. ಇನ್ನೂ ಬೆರಗು. ಒಂದೇ ಮನೆಗೆ ಮೂರು ಸಲ ಹೋಗಿ ಮೂರು ಸಲವೂ 'ಅಯ್ಯೋ, ಒಳಗೆ ಅಡುಗೆಮನೆಯೂ ಇದೆ!' ಅನ್ನೋ ನೆಂಟರನ್ನು ಎಲ್ಲಾದರೂ ನೋಡಿದ್ದೀರಾ?

ಕೊರತೆಗಳ ಸಾಲಿನಲ್ಲಿ ತಪ್ಪದೇ ಬರುತ್ತಿದ್ದ ಇನ್ನೊಂದು ಮಾತು: ಅಸಲಿ ತಂಡಗಳಿಲ್ಲ, ಅಸಲಿ ಆಟಗಾರರಿಲ್ಲ. 2021ರಲ್ಲಿ ಇಎ ಕಂಪನಿಯೇ ಮೆಟಲ್‌ಹೆಡ್‌ ಅನ್ನು ಕೊಂಡಿತು. 2023ರ ನಾಲ್ಕನೇ ಗೇಮಿಗೆ ಬೇಬ್ ರೂತ್, ವಿಲ್ಲಿ ಮೇಸ್, ಡೇವಿಡ್ ಆರ್ಟಿಜ್ ಸೇರಿ ಇನ್ನೂರಕ್ಕೂ ಹೆಚ್ಚು ಮಾಜಿ ಆಟಗಾರರು ಬಂದರು. ಈಗ ಕೆಲವರಿಗೆ ಹಳೆಯ ಕಾರ್ಟೂನ್ ಹುಡುಗರ ಸೊಗಡು ಹೋಯಿತು ಅಂತ ಬೇಸರ!

ಅಸಲಿ ಹೆಸರು ಬಳಸೋ ಹಕ್ಕು, ಅಂದರೆ ಲೈಸೆನ್ಸ್ ಇಲ್ಲ ಅನ್ನೋ ಈ ದೂರು ನನಗೆ ಎಲ್ಲಕ್ಕಿಂತ ಇಷ್ಟ. ಅಮೆರಿಕನ್ ಫುಟ್‌ಬಾಲ್ ನೋಡಿ. 2004ರಲ್ಲಿ ಇಎಸ್‌ಪಿಎನ್ ಎನ್‌ಎಫ್‌ಎಲ್ 2ಕೆ5 ಅನ್ನೋ ಗೇಮ್ ಇಪ್ಪತ್ತು ಡಾಲರಿಗೆ ಮಾರಾಟವಾಗಿ ಇಎಯವರ ಮ್ಯಾಡನ್ ಗೇಮಿಗೆ ಬೆವರಿಳಿಸಿತು. ಅದೇ ಡಿಸೆಂಬರಿನಲ್ಲಿ ಇಎ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಜೊತೆ ವಿಶೇಷ ಒಪ್ಪಂದ ಮಾಡಿಕೊಂಡಿತು. ತಂಡಗಳ ಹೆಸರಿಟ್ಟು ಅಂಥ ಗೇಮ್ ಮಾಡುವ ಹಕ್ಕು ಒಬ್ಬರಿಗೇ. ಆಮೇಲೆ ಬಂದ ಚಿಕ್ಕವರಿಗೆ 'ನಿಮ್ಮಲ್ಲಿ ಅಸಲಿ ತಂಡಗಳಿಲ್ಲವಲ್ಲ' ಅಂತ ಅಂಕ ಕಡಿಮೆ. ಬೀಗ ಹಾಕಿದವರನ್ನು ಬಿಟ್ಟು, ಬಾಗಿಲ ಹೊರಗೆ ನಿಂತವನಿಗೆ 'ಒಳಗೆ ಬರಲಿಲ್ಲ ನೀನು' ಅಂತ ಬೈಗುಳ.

ಕ್ರಿಕೆಟಿನದ್ದು ನಮಗೆ ಗೊತ್ತಿರೋ ಗೋಳೇ. ಮೆಲ್ಬರ್ನ್‌ನ ಬಿಗ್ ಆ್ಯಂಟ್ ಸ್ಟುಡಿಯೋ 'ಡಾನ್ ಬ್ರಾಡ್ಮನ್ ಕ್ರಿಕೆಟ್ 14' ಮಾಡುವಾಗ ಕೈಲಿ ಲೈಸೆನ್ಸ್ ಇರಲಿಲ್ಲ. ಅದಕ್ಕೆ ಆಟಗಾರರನ್ನು ನೀವೇ ತಯಾರು ಮಾಡಿ ಎಲ್ಲರಿಗೂ ಹಂಚೋ 'ಅಕಾಡೆಮಿ' ಕೊಟ್ಟರು. ಜನ ಕೂತು ಮೂಗು ಮುಖ ತಿದ್ದಿ ದೇಶದೇಶದ ತಂಡಗಳನ್ನೇ ಕಟ್ಟಿದರು. ಇಂಥ ಜಾಣತನ ಬಂದರೂ ನಮ್ಮ ದೇಶದ ಯೂಟ್ಯೂಬ್ ವಿಮರ್ಶಕರ ತೀರ್ಪು ಬದಲಾಗಲ್ಲ: 'ಚೆನ್ನಾಗಿದೆ ಗುರೂ, ಆದ್ರೆ ಕ್ರಿಕೆಟ್ 07ರ ಮಜಾ ಇಲ್ಲ.' 2006ರಲ್ಲಿ ಬಂದ ಆ ಗೇಮಿನ ಜೊತೆ ಸ್ಪರ್ಧಿಸೋಕೆ ಯಾರಿಂದಲೂ ಆಗಲ್ಲ ಬಿಡಿ. ಅದನ್ನು ಆಡಿದಾಗ ನಮಗೆ ಹೋಂವರ್ಕ್ ಬಿಟ್ಟರೆ ಬೇರೆ ತಾಪತ್ರಯ ಇರಲಿಲ್ಲ.

ಹೊಗಳಿಕೆಯಲ್ಲೂ ಒಂದು ಚುಚ್ಚು ಇರುತ್ತದೆ. 'ಕ್ರೀಡೆ ಅಂದ್ರೆ ಆಗದವರಿಗೂ ಇದು ಇಷ್ಟವಾಗುತ್ತದೆ.' ಡೆನ್ಮಾರ್ಕಿನ ವಾಟ್ ದಿ ಗಾಲ್ಫ್‌ನಲ್ಲಿ ಚೆಂಡಿಗೆ ಹೊಡೆದರೆ ಆಟಗಾರನೇ ಹಾರಿಹೋಗುತ್ತಾನೆ, ಇನ್ನೊಂದು ಸಲ ಮನೆಯೇ ಹಾರುತ್ತದೆ. ಗಾಲ್ಫ್ ಕಂಡರಾಗದವರಿಗೆ ಅಂತ ಮಾಡಿದವರೇ ಹೇಳಿಕೊಂಡರು, ಆ ಜೋಕ್ ಅವರಿಗೆ ಸಲ್ಲುತ್ತದೆ. ಆದರೆ ಚೆಂಡು ಕಂಡಲ್ಲೆಲ್ಲ ವಿಮರ್ಶಕರು ಇದನ್ನೇ ಉರು ಹೊಡೆದರೆ ಹೇಗೆ? 'ಹೆಣ ಕಂಡರೆ ಹೇಸುವವರಿಗೂ ಈ ಜಾಂಬಿ ಗೇಮ್ ಹಿಡಿಸುತ್ತದೆ' ಅಂತ ಯಾವ ಪುಣ್ಯಾತ್ಮನೂ ಬರೆದದ್ದು ನಾನು ಕಂಡಿಲ್ಲ.

ಇನ್ನು ಪ್ರಶಸ್ತಿ. ಗೇಮ್ ಅವಾರ್ಡ್ಸ್‌ನಲ್ಲಿ ಕ್ರೀಡೆ, ರೇಸಿಂಗ್ ಎರಡಕ್ಕೂ ಸೇರಿ ಒಂದೇ ಬಹುಮಾನ. 2025ರಲ್ಲಿ ಗೆದ್ದದ್ದು ಮಾರಿಯೋ ಕಾರ್ಟ್ ವರ್ಲ್ಡ್. ಪ್ಲಂಬರ್ ಒಬ್ಬ ಬಾಳೆಹಣ್ಣಿನ ಸಿಪ್ಪೆ ಎಸೆದು ಹಿಂದಿನವನ ಗಾಡಿ ಜಾರಿಸೋದು, ಆಮೆ ಚಿಪ್ಪು ಬೀಸಿ ಮುಂದಿನವನಿಗೆ ಹೊಡೆಯೋದು. ಅದೇ ವರ್ಷ ಈಕ್ವೆಡಾರ್‌ನಿಂದ ಡೆಸ್ಪೆಲೋಟೆ ಅನ್ನೋ ಗೇಮ್ ಬಂದಿತ್ತು. 2001ರ ಕೀಟೊ ನಗರ, ದೇಶ ಮೊದಲ ಸಲ ವಿಶ್ವಕಪ್ಪಿಗೆ ಹೋಗೋ ಹೊಸ್ತಿಲಲ್ಲಿದೆ. ಎಂಟು ವರ್ಷದ ಹುಲಿಯನ್ ಪಾರ್ಕಿನಲ್ಲಿ ಸಿಕ್ಕಿದ್ದನ್ನೆಲ್ಲ ಒದೆಯುತ್ತಾ ತಿರುಗುತ್ತಾನೆ, ಬಾಟಲಿಯನ್ನೂ ಬಿಡುವುದಿಲ್ಲ. ಆಟದ ತುಂಬಾ ಫುಟ್‌ಬಾಲ್ ಬಿಟ್ಟರೆ ಇನ್ನೊಂದು ಮಾತಿಲ್ಲ. ವಿಮರ್ಶಕರು ಬಾಯಿತುಂಬ ಹೊಗಳಿ, 'ಇದು ನಿಜವಾಗಿ ಫುಟ್‌ಬಾಲ್ ಬಗ್ಗೆ ಅಲ್ಲ' ಅಂದರು. ಹೊಸಬರ ಮೊದಲ ಇಂಡಿ ಗೇಮುಗಳ ಸಾಲಿನಲ್ಲಿ ಕೂರಿಸಿದರು, ಕ್ರೀಡೆಯ ಸಾಲಿನಲ್ಲಿ ಜಾಗ ಇರಲಿಲ್ಲ. ಹುಡುಗ ಆ ಬಾಟಲಿ ಬಿಟ್ಟು, ಒಂದು ಗಾಡಿ ಹತ್ತಿ, ಯಾರ ಬೆನ್ನಿಗಾದರೂ ಆಮೆ ಚಿಪ್ಪು ಬೀಸಿದ್ದರೆ ಸಿಗುತ್ತಿತ್ತೋ ಏನೋ.